ಬೇಲಿ ದಾಟುತ್ತಿದ್ದ ಹುಳಗಳು

ಇದರಲ್ಲಿ ಕೆಲವು ವಿವರಗಳು ನನ್ನ ನೆನಪಿನಲ್ಲಿ ತಪ್ಪಾಗಿ ಉಳಿದಿರಬಹುದು. ವಾಸನೆಯೊಂದು ಮಾತ್ರ ಸುಳ್ಳಲ್ಲ. ಮೊನ್ನೆ ಬ್ರಹ್ಮಾವರದ ನನ್ನ ಮನೆಯಂಗಳದಲ್ಲಿ, ಕರಿಬೇವಿನ ಗಿಡದ ಮೇಲಿದ್ದ ಹಸಿರು ಹುಳವೊಂದನ್ನು ಮೆಲ್ಲಗೆ ಮುಟ್ಟಿದೆ. ಅದು ತಲೆಯಿಂದ ಕೆಂಪು ಕೊಂಬು ಹೊರಹಾಕಿತು. ಕೊಳೆತ ಹಣ್ಣಿನಂಥ ಹುಳಿ ಘಾಟು. ನಾನು ಹುಟ್ಟಿ ಬೆಳೆದ ತೆಕ್ಕಟ್ಟೆಯ ಆಚೆಮನೆ ದೊಡ್ಡಮ್ಮ ಎದುರಿಗೇ ಬಂದು ನಿಂತ ಹಾಗಾಯಿತು...

ಅವರು ಮೀನು ಮಾರುತ್ತಿದ್ದರು. ಮಧ್ಯಾಹ್ನ ಬುಟ್ಟಿ ತೊಳೆದ ನೀರೆಲ್ಲ ಗಿಡಗಳಿಗೆ. ಬೇಲಿಯುದ್ದಕ್ಕೂ ಕೇಪಳ, ರಥಪುಷ್ಪ. ಮೂಲೆಯಲ್ಲೊಂದು ಸುರಹೊನ್ನೆ ಮರ. ಆ ಒದ್ದೆ ಮಣ್ಣಿನ ಮೇಲೆ ಚಿಟ್ಟೆಗಳು ಸಾಲಾಗಿ ಕೂತು ನೀರು ಹೀರುತ್ತಿದ್ದವು. "ಇವೇ ಒಳ್ಳೆ ಗಿರಾಕಿಗಳ್ ಮಗಾ, ಚೌಕಾಸಿ ಮಾಡ್ತಿಲ್ಲೆ" ಎಂದು ನಗುತ್ತಿದ್ದರು.

ಅವರ ಜೀವವಿದ್ದದ್ದು ಬೈಂದೂರಿನ ತವರಿನಿಂದ ತಂದು ನೆಟ್ಟ ನಿಂಬೆಗಿಡದ ಮೇಲೆ. ವರ್ಷಗಳಾದರೂ ಅದು ಕಾಯಿ ಬಿಟ್ಟಿರಲಿಲ್ಲ. ಚಿಗುರಿದ ಕೂಡಲೇ ಚಿಟ್ಟೆಯ ಹುಳಗಳು ಬೋಳಿಸಿಬಿಡುತ್ತಿದ್ದವು. "ಒಂದ್ ಕಾಯಾರೂ ಕಂಡೇ ಸಾಯ್ಕ್ ನಂಗೆ" ಎನ್ನುತ್ತಿದ್ದರು. ಆದರೆ ಹುಳ ಕೊಲ್ಲಲು ಮನಸ್ಸು ಬಾರದು. ಎಲೆಸಮೇತ ಕಿತ್ತು, ಬೇಲಿ ದಾಟಿ ಬಂದು, ನಮ್ಮ ಕರಿಬೇವಿನ ಮೇಲೆ ಬಿಡುತ್ತಿದ್ದರು. ಆ ಹುಳಗಳಿಗೆ ಎರಡೂ ಸೊಪ್ಪು ಆಗುತ್ತದೆ. ಸಂಜೆಗೆ ಅಮ್ಮ ಅವನ್ನೇ ಹೆಕ್ಕಿ ತಿರುಗಿ ನಿಂಬೆಗಿಡಕ್ಕೆ ಸಾಗಿಸುತ್ತಿದ್ದಳು.

"ಹ್ವಾಯ್ ಅಕ್ಕಾ, ನಿಮ್ಮನಿ ನೆಂಟ್ರ್ ಇಲ್ ಬಂದ್ ಉಂಡ್ರ್. ಒಗ್ಗರ್ಣಿಗ್ ಒಂದ್ ಎಸಳ್ ಸೊಪ್ಪಿಲ್ಲೆ!"

"ನಮ್ಮನಿಯವ್ ಅಂದೇಳಿ ಬೆನ್ನಲ್ ಬರ್ದಿತ್ತಾ ಹೆಣೆ?" ದೊಡ್ಡಮ್ಮ ಅಮ್ಮನನ್ನು ಕರೆಯುತ್ತಿದ್ದುದೇ 'ಹೆಣೆ', ಅಂದರೆ ಹೆಣ್ಣೇ, ಎಂದು.

ಒಂದು ಮಳೆಗಾಲದಲ್ಲಿ ದೊಡ್ಡಮ್ಮ ಜಾರಿ ಬಿದ್ದು ಕಾಲು ಮುರಿದುಕೊಂಡರು. ಕುಂದಾಪುರದ ಆಸ್ಪತ್ರೆಯಿಂದ ಬಂದ ಮೇಲೂ ತಿಂಗಳುಗಟ್ಟಲೆ ಮಂಚದಲ್ಲೇ. ನಾನು ನೋಡಲು ಹೋದಾಗ ಅವರು ಕಾಲಿನ ಮಾತೇ ಎತ್ತುತ್ತಿರಲಿಲ್ಲ.

"ಗಿಡ ಪೂರಾ ಬೋಳಾಯ್ತಾ ಮಗಾ?"

ಬೋಳಾದದ್ದು ನಮ್ಮ ಕರಿಬೇವು. ಅಮ್ಮ ಆ ದಿನಗಳಲ್ಲಿ ಒಂದು ಮಾತೂ ಬೈಯದೆ ಪೇಟೆಯಿಂದ ಸೊಪ್ಪು ತರಿಸುತ್ತಿದ್ದಳು. ಅಂಗೈಯಲ್ಲಿ ನಿಂಬೆ ಎಲೆಯೊಂದನ್ನು ಹಿಡಿದು, ಬೇಲಿ ದಾಟಿ ಈಚೆಗೆ ಬರುತ್ತಿರುವ ಅಮ್ಮನ ಚಿತ್ರವೊಂದು ನನ್ನಲ್ಲಿದೆ. ನಿಜವಾಗಿ ಕಂಡದ್ದೋ, ಆಮೇಲೆ ನಾನೇ ಕಟ್ಟಿಕೊಂಡದ್ದೋ...

ದೊಡ್ಡಮ್ಮ ಕೋಲೂರಿಕೊಂಡು ಅಂಗಳಕ್ಕಿಳಿದಾಗ ಗಿಡದ ತುಂಬ ಹಸಿರು ಕಾಯಿ.

"ಕಂಡ್ಯಾ ಹೆಣೆ! ಮಲ್ಕಂಡಲ್ಲಿಂದ್ಲೇ ಹುಳ ಹೆದ್ರ್ಸಿದೆ ನಾನ್!"

"ಹೌದಕ್ಕಾ, ನಿಮ್ಮ ಬಾಯಿಗ್ ಹೆದ್ರದ್ದೋರ್ ಈ ಊರಗ್ ಯಾರಿದ್ರ್?" ಎಂದಳು ಅಮ್ಮ.

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ದೊಡ್ಡಮ್ಮ ಮೊದಲ ಕೊಯ್ಲನ್ನು ಸೆರಗಿನಲ್ಲಿ ತುಂಬಿಕೊಂಡು ಬಂದು ನಮ್ಮ ಜಗಲಿಯಲ್ಲಿ ಸುರಿದರು. ತಮಗೆಂದು ಏನಾದರೂ ಉಳಿಸಿಕೊಂಡಿದ್ದರೋ ಇಲ್ಲವೋ, ತಿಳಿಯದು.

ಅವರು ಹೋಗಿ ಕೆಲವು ವರ್ಷಗಳಾದವು. ಆ ಮನೆಯಲ್ಲೀಗ ಬೇರೆಯವರಿದ್ದಾರೆ, ಬೇಲಿಯಿದ್ದಲ್ಲಿ ಗೋಡೆ ಎದ್ದಿದೆ. ಅವರಿದ್ದಾಗ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ನಿನ್ನೆ ಅಮ್ಮನಿಗೆ ಫೋನ್ ಮಾಡಿದೆ.

"ಅಮ್ಮಾ, ಆ ವರ್ಷ ಹುಳ ಈಚಿಗ್ ತಂದದ್ ನೀನೇ ಅಂದೇಳಿ ದೊಡ್ಡಮ್ಮಂಗೆ ಗೊತ್ತಿತ್ತಾ?"

"ಒಲಿ ಮೇಲ್ ಹಾಲಿತ್ತ್ ಮಾರಾಯ್ತಿ, ಫೋನ್ ಇಡ್ತೆ" ಎಂದಳು. ಇವತ್ತು ಸಂಜೆಯಾದರೂ ಅವಳ ಫೋನ್ ಬಂದಿಲ್ಲ.