ಬಾಂಬಿನ ಸಿನಿಮಾಕ್ಕೆ ಭಾಲ್ಕಿ ಬಸ್‌ಸ್ಟ್ಯಾಂಡಿನ ದನಿ

ಫಕ್ರೋದ್ದೀನರು ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಔರಾದ, ಸಂತಪುರ, ಬೀದರ್ ಬಸ್ಸುಗಳನ್ನು ಕೂಗುತ್ತಲೇ ನಿವೃತ್ತರಾದವರು. ಬಸ್ಸು ಕೆಟ್ಟು ನಿಂತ ಸುದ್ದಿಯನ್ನೂ ಎಷ್ಟು ಸಮಾಧಾನವಾಗಿ ಹೇಳುತ್ತಿದ್ದರೆಂದರೆ, ಜಗಳಕ್ಕೆ ಎದ್ದವರು ಮತ್ತೆ ಕೂತು ಚಹಾ ತರಿಸುತ್ತಿದ್ದರು.

ಬೀದರಿನಲ್ಲಿ ಪತ್ರಿಕೋದ್ಯಮ ಓದುವ ಔರಾದದ ಹುಡುಗಿ ಈಶ್ವರಿ ಅವರ ಮನೆ ಹುಡುಕಿಕೊಂಡು ಬಂದದ್ದು ಆ ದನಿಗಾಗಿ. ಅಣುಬಾಂಬು ಬಿದ್ದಮೇಲೆ ಬದುಕುಳಿದವರ ಬಗ್ಗೆ ಅವಳೂ ಸಹಪಾಠಿ ಕೈಲಾಶನೂ ಕಿರುಚಿತ್ರ ಮಾಡುತ್ತಿದ್ದರು. ಬಾಂಬು ತೋರಿಸುವ ತಾಕತ್ತು ಅವರಿಗಿರಲಿಲ್ಲ. ರೇಡಿಯೊದಲ್ಲಿ ಎಚ್ಚರಿಕೆ ಕೇಳಿಸಬೇಕು, ನೋಡುವವರ ಎದೆ ನಡುಗಬೇಕು, ಅಷ್ಟೆ.

“ನಿಮ್ಮ ದನೀನೇ ಬೇಕ್ರಿ ಚಾಚಾ,” ಎಂದಳು ಈಶ್ವರಿ.

“ಬಾಂಬ್ ಯಾವ ಊರಿಗಿ ಬೀಳ್ತದವ್ವಾ?”

“ಬೀದರಿಗ್ರಿ.”

“ಬ್ಯಾರೆ ಊರ ಸಿಗಲಿಲ್ಲೇನು? ನನ್ನ ಮಗಳನ್ನ ಅಲ್ಲೇ ಕೊಟ್ಟೇನಿ.”

ಆದರೂ ಒಪ್ಪಿದರು. ಮೈಕು ಕೈಗೆ ಬಂದೊಡನೆ ಬೆನ್ನು ನೆಟ್ಟಗಾಯಿತು. “ನಾಗರಿಕರ ಗಮನಕ್ಕೆ. ಬೀದರ್ ಕಡೆಗೆ ಹೊರಟಿರುವ ಅಣುಬಾಂಬು ಇನ್ನು ಕೆಲವೇ ನಿಮಿಷಗಳಲ್ಲಿ ಆಗಮಿಸಲಿದೆ.” ಕೈಲಾಶ ಗೋಡೆಯ ಕಡೆ ತಿರುಗಿ ನಕ್ಕ.

“ಸ್ವಲ್ಪ ಗಾಬರಿ ಆಗ್ರಿ ಚಾಚಾ.”

ಗಾಬರಿಯಾಗಲು ಹೋಗಿ ಅವರಿಗೆ ಕೆಮ್ಮು ಹತ್ತಿತು. ಹೆಂಡತಿ ಸುಗರಾ ಬೇಗಂ ನೀರು ತಂದುಕೊಟ್ಟರು. ಮುಂದಿನ ಸಲ ಬಾಂಬಿಗೆ ಪ್ಲಾಟ್‌ಫಾರ್ಮ್ ನಂಬರೂ ಸೇರಿಕೊಂಡಿತು.

ಜನರ ನಡುವೆ ನಿಂತು ಹೇಳಿದರೆ ಸರಿಹೋದೀತೆಂದು ಈಶ್ವರಿ ಅವರನ್ನು ಸಂತಪುರದ ಶೂಟಿಂಗಿಗೇ ಕರೆದೊಯ್ದಳು. ಸ್ಪೀಕರಿನಲ್ಲಿ ಎಚ್ಚರಿಕೆ ಕೇಳಿದ ಕೂಡಲೇ ಊರವರು ಚೀರುತ್ತ ಓಡಬೇಕಿತ್ತು. ಅವರು ಚೀಲ ಎತ್ತಿಕೊಂಡು ಸಾಲಾಗಿ ನಿಂತರು. ಕಸ್ತೂರಿಬಾಯಿ ಎಂಬ ಮುದುಕಿ ಮುಂದೆ ಬಂದು, “ಔರಾದ ಗಾಡಿ ಏನ್ರಿ?” ಎಂದು ಕೇಳಿದಳು.

ಈಶ್ವರಿ ಶಾಲೆಯ ಕಟ್ಟೆಯ ಮೇಲೆ ಮುಖ ಮುಚ್ಚಿಕೊಂಡು ಕೂತಳು. ಫಕ್ರೋದ್ದೀನರು ಪಕ್ಕದಲ್ಲಿ ಕೂತರು.

“ಹೆದರಸಾಕ ನನಗ ಬರಲ್ಲವ್ವಾ. ಬ್ಯಾರೆ ಯಾರನ್ನರೆ ನೋಡು.”

ಅವಳು ಮುಖದ ಮೇಲಿನ ಕೈ ತೆಗೆದಳು. ಆಮೇಲೆ ಕೇಳಿದಳು: “ಬಾಂಬ್ ಬಿದ್ದು, ನೀವೂ ಉಳದು, ಮೈಕೂ ಉಳದದ ಅಂತ ತಿಳಕೋರಿ. ಆಗ ಏನ್ ಹೇಳ್ತೀರಿ?”

ಅವರು ಕನ್ನಡಕ ಒರೆಸಿಕೊಂಡು ಮೈಕು ತೆಗೆದುಕೊಂಡರು.

“ಕೇಳಸ್ತಿದ್ರ ಯಾರೂ ಹೊರಗ ಬರಬ್ಯಾಡ್ರಿ. ಬಾಗಲಾ ಹಾಕ್ಕೊಂಡೇ ಇರ್ರಿ. ಮಕ್ಕಳಿದ್ರ ಹತ್ರ ಕೂಡಿಸ್ಕೋರಿ. ನಾ ಇಲ್ಲೇ ಇದ್ದೇನಿ. ಮತ್ತ ಮಾತಾಡ್ತೇನಿ.”

ಪ್ರಕಟಣೆಯ ಕನ್ನಡ ಎಲ್ಲೋ ಬಿದ್ದುಹೋಗಿತ್ತು. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ನೆಲಕ್ಕೆ ಕೂತರು. ಒಬ್ಬ ತಾಯಿ ಪಕ್ಕದ ಮನೆಯ ಮಗುವನ್ನೂ ತೊಡೆಗೆಳೆದುಕೊಂಡಳು. ಯಾರೂ ಹೇಳದಿದ್ದರೂ ಕೈಲಾಶ ಅದನ್ನೆಲ್ಲ ಚಿತ್ರೀಕರಿಸಿಕೊಂಡಿದ್ದ.

ಅಲ್ಲಿಂದ ಕಥೆಯೇ ಬದಲಾಯಿತು. ಓಟ, ಚೀರಾಟ ಹೋಗಿ, ಮುಚ್ಚಿದ ಕೋಣೆಯೊಂದರಲ್ಲಿ ಆ ದನಿ ಕೇಳುತ್ತ ಕಾಯುವವರ ಸಿನಿಮಾ ಆಯಿತು. ಬೀದರಿನ ಕಾಲೇಜಿನಲ್ಲಿ ತೋರಿಸಿದಾಗ ಮೊದಲು ನಕ್ಕ ಹುಡುಗರು ಆಮೇಲೆ ಮೊಬೈಲು ಕೆಳಗಿಟ್ಟರು. ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದ ಫಕ್ರೋದ್ದೀನರು ಪರದೆ ನೋಡಲೇ ಇಲ್ಲ, ಹಿಂದೆ ತಿರುಗಿ ಜನರನ್ನು ನೋಡುತ್ತಿದ್ದರು.

ಹೊರಗೆ ಬಂದಮೇಲೆ ಈಶ್ವರಿ ಸುಗರಾ ಬೇಗಮರನ್ನು ಹೇಗಿತ್ತೆಂದು ಕೇಳಿದಳು.

“ಛಲೋ ಅದ. ಆದ್ರ ಅಷ್ಟು ಮಂದಿ ಒಳಗ ಕುಂತಾರ, ಯಾರಿಗೂ ಒಂದು ರೊಟ್ಟಿ ಕೊಟ್ಟಿಲ್ಲಲ್ಲ ನೀ,” ಎಂದ ಅವರು, ಆದಿತ್ಯವಾರ ಊಟಕ್ಕೆ ಬರುವಂತೆ ಅವಳಿಗೂ ಕೈಲಾಶನಿಗೂ ಹೇಳಿ ಬಸ್ಸು ಹತ್ತಿದರು.