ಓನರ್ ಆಂಟಿಯ ಟಿವಿಯಲ್ಲಿ ಎದ್ದ ಗೆರೆ

ರೇಡಿಯೋ ಅಂಕಲ್ ಕೆಳತುಟಿಯಲ್ಲಿ ಸಾಸಿವೆ ಗಾತ್ರದ ಸುಟ್ಟ ಕಲೆಯೊಂದಿತ್ತು. ಬೀಡಿಯದು ಅಂತ ನಮ್ಮ ಬೀದಿಯವರ ವಾದ. ಅವರು ಬೀಡಿ ಸೇದಿದ್ದನ್ನು ಕಂಡವರು ಒಬ್ಬರೂ ಇಲ್ಲ. ಅವರ ಆಂಟೆನಾ ಟಿವಿ ಕೆಡಿಸುತ್ತಿತ್ತು, ಅದಕ್ಕೇ ಇಳಿಸಬೇಕಾಯ್ತು ಅನ್ನುವುದು ಇನ್ನೊಂದು ಕಥೆ. ಅದರಲ್ಲಿ ಅರ್ಧ ಮಾತ್ರ ನಿಜ.

ತೊಂಬತ್ತರ ದಶಕ. ಬೆಂಗಳೂರಿನ ಸಾರಕ್ಕಿಯಲ್ಲಿ ನಮ್ಮ ಪಕ್ಕದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಫ್ಯಾಕ್ಟರಿಯಿಂದ ನಿವೃತ್ತರು, ಒಂಟಿ, ಲೈಸೆನ್ಸ್ ಇದ್ದ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವರು. ದಿನಾ ರೇಡಿಯೋದಲ್ಲಿ ಊರೂರಿನ ಗೆಳೆಯರ ಜೊತೆ ಮಾತಾಡೋರು. ಇಡೀ ದಿನಕ್ಕೆ ಅವರಿಗಿದ್ದ ಮಾತು ಅಷ್ಟೆ. ಆಗ ಕೆಳಗಡೆ ಓನರ್ ಆಂಟಿಯ ಟಿವಿಯಲ್ಲಿ ಗೆರೆಗಳು ಏಳುತ್ತಿದ್ದವು. "ತಂತಿ ಇಳಿಸಿ, ಇಲ್ಲಾ ಮನೆ ಖಾಲಿ ಮಾಡಿ" ಅಂದರು ಆಂಟಿ.

ಅಂಕಲ್ ಟೆರೇಸಿಗೆ ಹತ್ತಿ, ರೇಡಿಯೋದಿಂದ ಬರುವ ಕೇಬಲ್ಲು ಆಂಟೆನಾಗೆ ಸೇರುವ ಕಡೆ ಅದನ್ನು ಪೈಪಿನ ತುಂಡಿಗೆ ಸುರುಳಿ ಸುತ್ತಿದರು. ಚೋಕ್ ಬಾಲನ್ ಅಂತಾರೆ ಅದಕ್ಕೆ.

"ಇದೊಳ್ಳೆ ತಾಯತ ಕಟ್ಟಿದ ಹಾಗಿದೆ" ಅಂದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆಲ್ಲುತ್ತಿದ್ದ ಕಾಲ ನನ್ನದು.

"ಕರೆಂಟು ಈ ಕೇಬಲ್ ಒಳಗೇ ಹೋಗ್ಬೇಕು. ಒಂದಿಷ್ಟು ಆಂಟೆನಾ ತನಕ ಹೋಗಿ, ಕೇಬಲ್ ಹೊರಮೈ ಹಿಡ್ಕೊಂಡು ವಾಪಸ್ ಇಳಿಯುತ್ತೆ. ಆಗ ಕೇಬಲ್ಲೇ ಆಂಟೆನಾ ಆಗ್ಬಿಡುತ್ತೆ. ಆಂಟಿ ಟಿವಿಗೂ ನುಗ್ಗುತ್ತೆ, ಮೈಕ್ ತಾಗಿದ್ರೆ ನನ್ನ ತುಟೀನೂ ಸುಡುತ್ತೆ. ಸುರುಳಿ ಆ ಹೊರಗಿನದನ್ನ ಮಾತ್ರ ತಡೆಯುತ್ತೆ. ನಂಬಬೇಡ ಕಣಯ್ಯ, ಪರೀಕ್ಷೆ ಮಾಡು."

ಮಾಡಿದೆ. ಧಾರಾವಾಹಿಯ ಹೊತ್ತಿಗೆ ಆಂಟಿಯ ಪಕ್ಕ ಹೋಗಿ ಕೂತೆ. ಅಂಕಲ್ ಯಾವಾಗ ಮಾತಾಡ್ತಾರೋ ನಮ್ಮಿಬ್ಬರಿಗೂ ಗೊತ್ತಿಲ್ಲ. ಮೊದಲ ಕಾಲು ಗಂಟೆ ಆಂಟಿ ತೆಪ್ಪಗೆ ನೋಡಿದರು. ಆಮೇಲೆ, "ನೋಡು, ಶುರು ಹಚ್ಕೊಂಡ್ರು ನಿಮ್ಮಂಕಲ್ಲು. ಬರೀ ಗೆರೆ" ಅಂದರು. ನನಗೆ ಒಂದೂ ಕಾಣಲಿಲ್ಲ.

ಮೇಲೆ ಹೋಗಿ ಕೇಳಿದೆ. ಮೊದಲ ಕಾಲು ಗಂಟೆ ಪೂರ್ತಿ ಮಾತಾಡಿ, ರೇಡಿಯೋ ಆರಿಸಿ, ಕಾಫಿಗಿಟ್ಟಿದ್ದರಂತೆ.

"ಗೆದ್ರಿ ಅಂಕಲ್. ಈಗ್ಲೇ ಹೋಗಿ ಆಂಟಿಗೆ ಹೇಳ್ತೀನಿ."

"ಬೇಡ. ನಾಳೆ ಬೆಳಿಗ್ಗೆ ನೀರಿನ ಮೋಟಾರ್ ಹಾಕಿ ಅಂತ ಅವರ ಬಾಗಿಲು ತಟ್ಟೋನು ನಾನು. ಅವರ ಮಾತನ್ನ ಸುಳ್ಳು ಮಾಡಿ, ಯಾವ ಮುಖ ಇಟ್ಕೊಂಡು ತಟ್ಲಿ?"

ಆ ಭಾನುವಾರ ಆಂಟೆನಾವನ್ನು ಅವರೇ ಇಳಿಸಿದರು. ಆಮೇಲೆ ಆ ಮಹಡಿಯಿಂದ ಮಾತು ಕೇಳಿದ ನೆನಪು ನನಗಿಲ್ಲ. ವಾದ ಗೆಲ್ಲುವುದಕ್ಕೂ ನೆರೆಮನೆಯವರಾಗಿ ಬಾಳುವುದಕ್ಕೂ ಎಷ್ಟು ದೂರ ಅಂತ ತೋರಿಸಿದವರು ಅವರು. ಆ ದೂರ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಮರುವರ್ಷ ತೀರಿಕೊಂಡರು. "ಒಂದಿನ ಎದುರು ಮಾತಾಡ್ಲಿಲ್ಲ, ಪುಣ್ಯಾತ್ಮ" ಎಂದು ಎಲ್ಲರಿಗಿಂತ ಹೆಚ್ಚು ಅತ್ತವರು ಆಂಟಿಯೇ. ತಿಥಿಯೆಲ್ಲ ಕಳೆದ ಮೇಲೆ, ಗೇಟಿನ ಹತ್ತಿರ ಸಿಕ್ಕಾಗ ಕೇಳಿದೆ:

"ಆಂಟಿ, ಆವತ್ತು ನಿಮಗೆ ನಿಜವಾಗ್ಲೂ ಗೆರೆ ಕಂಡಿತ್ತಾ?"