ಬಿಳಿ ಕೊಕ್ಕರೆಯ ಹದಿನಾಲ್ಕನೆಯ ಹೆಸರು

ಗಲ್ಫಿನ ಫಿಂಟಾಸಿನಲ್ಲಿರುವ ಮಗ್ದಲೀನಳಿಗೆ ಐವತ್ತೆಂಟು ವರ್ಷ. ಎಡ ಮೊಣಕಾಲಿಗೆ ಮಾತ್ರ ಎಂಬತ್ತು. ಆ ಕಾಲು ಎಳೆದುಕೊಂಡೇ ಆಕೆ ಚೀನಾದ ಕಾಳಗ ಕಲಿತಳೆಂದರೆ ನೀವು ನಂಬುವುದಿಲ್ಲ. ಕಟ್ಟಿಕೊಂಡ ಗಂಡ ಯೂಜಿನನೇ ನಂಬಲಿಲ್ಲ, ನಿಮ್ಮದೇನು ಮಹಾ!

ಶುರುವಾದದ್ದು ಅಲ್ಲಿನ ಶರ್ಕ್ ಪೇಟೆಯಲ್ಲಿ, ಆಕೆಯ ಆಫೀಸಿನ ಲಿಫ್ಟು ನಡುವೆ ಕೆಟ್ಟು ನಿಂತ ದಿನ. ಒಳಗೆ ಆಕೆ, ಮತ್ತು ಲಿಫ್ಟು ರಿಪೇರಿಯ ಪಿನಾಂಗಿನ ಚೀನೀ ಮುದುಕ ಲಿಮ್. ಒಂದೂವರೆ ಗಂಟೆ! ಆಕೆ ಜಪಸರ ತೆಗೆದಳು. ಲಿಮ್ ಒಂಟಿ ಕಾಲಲ್ಲಿ ನಿಂತು ತೋಳು ಬಿಚ್ಚಿದರು. ಜಪ ಅರ್ಧಕ್ಕೇ ನಿಂತಿತು.

"ಇದೆಂತದು?"

"ಬಿಳಿ ಕೊಕ್ಕರೆ," ಎಂದರು ಲಿಮ್. ಹೊತ್ತು ಹೋಗಬೇಕಲ್ಲ, ಕಥೆಯನ್ನೂ ಹೇಳಿದರು. ದಕ್ಷಿಣ ಚೀನಾದ ಫುಜಿಯನ್ನಿನಲ್ಲಿ ಬಹಳ ಹಿಂದೆ ಚಿನ್ಯಾಂಗ್ ಎಂಬ ಹುಡುಗಿ ಇದ್ದಳಂತೆ. ಅಂಗಳಕ್ಕಿಳಿದ ಕೊಕ್ಕರೆಯನ್ನು ಬಿದಿರುಕೋಲಿನಿಂದ ಓಡಿಸಲು ಹೋದಳಂತೆ. ತಲೆಗೆ ಬೀಸಿದರೆ ರೆಕ್ಕೆಯಲ್ಲಿ ತಡೆಯಿತು, ರೆಕ್ಕೆಗೆ ಬೀಸಿದರೆ ಪಕ್ಕಕ್ಕೆ ಜಾರಿತು, ಮೈಗೆ ತಿವಿದರೆ ಕೊಕ್ಕಿನಿಂದ ಕುಕ್ಕಿತು. ಹುಡುಗಿ ಕೋಲು ಬಿಸಾಡಿ ಹಕ್ಕಿಗೇ ಶಿಷ್ಯೆಯಾದಳು. ಕರಾವಳಿಯ ಊರಲ್ಲಿ ಒಣಮೀನು ಕಾಯುತ್ತ ಬಾಲ್ಯವೆಲ್ಲ ಕಾಗೆಗಳೊಡನೆ ಗುದ್ದಾಡಿದ್ದ ಮಗ್ದಲೀನಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾಲ್ಕು ವರ್ಷ ಊಟದ ಬಿಡುವಿನಲ್ಲಿ ಕಲಿತಳು. ಈಗ ಲಿಮ್‌ರ ಇಕಾಮಾ, ಅಂದರೆ ಅಲ್ಲಿರುವ ಪರವಾನಗಿ, ಖಲಾಸ್; ಶುಕ್ರವಾರ ಸಂಜೆ ಊರಿಗೆ ವಿಮಾನ. ಅವರ ಬಳಿ ಒಂದು ಕೆಂಪು ಕಾಗದವಿತ್ತು: ಎಲ್ಲಕ್ಕಿಂತ ಮೇಲೆ ಚಿನ್ಯಾಂಗ್, ಕೆಳಗೆ ಗುರುವಿನಿಂದ ಶಿಷ್ಯನಿಗೆ ಇಳಿದುಬಂದ ಹನ್ನೆರಡು ಗಂಡಸರು, ಕೊನೆಯವರು ಲಿಮ್. ಅದರ ಕೆಳಗೆ ಖಾಲಿ. ಅಲ್ಲಿ ಹೆಸರು ಬೀಳಬೇಕಾದರೆ ಶಿಷ್ಯೆ ಮೊಣಕಾಲೂರಿ, ಹನಿ ಚೆಲ್ಲದೆ ಗುರುವಿಗೆ ಚಹಾ ಕೊಡಬೇಕು. ಆ ಜಾಗ ಮಗ್ದಲೀನಳಿಗೆ ಬೇಕೇ ಬೇಕು.

"ಮರ್ಲುಂಟಾ ನಿಂಗೆ, ತಲೆ ಕೆಟ್ಟಿದ್ಯಾ?" ಎಂದ ಯೂಜಿನ್. "ಇಗರ್ಜಿಯಲ್ಲಿ ದೇವರ ಎದುರೇ ಕುರ್ಚಿ ಬಿಟ್ಟು ಇಳಿಯುದಿಲ್ಲ, ಲಿಫ್ಟಿನವನ ಎದುರು ಮೊಣಕಾಲೂರ್ತೀಯಾ?"

"ಮದುವೆಯ ಮುಂಚಿನ ದಿನ, ನಮ್ಮ ರೋಸಿನಲ್ಲಿ, ಹಿರಿಯರ ಎದುರು ಊರಿ ಆಶೀರ್ವಾದ ಕೇಳ್ಲಿಲ್ವಾ ಮಾರಾಯ್ರೆ? ಇದೂ ಅದೇ!"

ಶುಕ್ರವಾರ ಬೆಳಿಗ್ಗೆ ಲಿಮ್ ಮನೆಗೆ ಬಂದು ಕುರ್ಚಿಯಲ್ಲಿ ಕೂತರು. ಮಗ್ದಲೀನ್ ಕಪ್ಪು ಹಿಡಿದು ಇಳಿಯತೊಡಗಿದಳು. ಅರ್ಧ ಇಳಿದ ಮೇಲೆ ಕಂಡಿತು: ಗಡಿಬಿಡಿಯಲ್ಲಿ ಅಭ್ಯಾಸಬಲದಿಂದ ಹಾಲು, ಸಕ್ಕರೆ, ಶುಂಠಿ ಎಲ್ಲ ಸುರಿದಿದ್ದಾಳೆ! ಗುರುಗಳೋ ಬರೀ ಎಲೆಯ ನೀರು ಕುಡಿಯುವವರು. ಯೇಸುವೇ! ಮೊಣಕಾಲು ಕಟಕ್ಕೆಂದಿತು. ಹನಿ ಚೆಲ್ಲಲಿಲ್ಲ.

ಲಿಮ್ ಒಂದು ಗುಟುಕು ಕುಡಿದರು. ಕಣ್ಣು ಅರಳಿತು. ತಳದವರೆಗೂ ಹೀರಿ, "ನನ್ನ ಗುರುವಿಗೆ ಇಷ್ಟು ಒಳ್ಳೇದು ಸಿಕ್ಕಿರಲಿಲ್ಲ. ಏಳು," ಎಂದರು.

ಏಳಲಾಗಲಿಲ್ಲ. ಎಬ್ಬಿಸಲೆಂದು ಲಿಮ್ ತಾವೂ ಮೊಣಕಾಲೂರಿದರು. ಅವರಿಗೂ ಏಳಲಾಗಲಿಲ್ಲ! ಮುಖ ಮುಖ ನೋಡಿಕೊಂಡು ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಲಿಮ್ ಅಲ್ಲೇ ನೆಲದ ಮೇಲೆ ಕಾಗದ ಹರಡಿ ಹೆಸರು ಬರೆದರು. ಮೇಲೊಬ್ಬಳು, ಕೆಳಗೊಬ್ಬಳು. ಮಗ್ದಲೀನಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

"ನಗುದು ಸಾಕು, ಎತ್ತುದು ಹೇಗೆ?" ಯೂಜಿನ್ ಬಾಗಿದ.

"ಸೊಂಟ ಬಗ್ಗಿಸ್ಬೇಡಿ. ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಬಿಡಿ, ಈಗ ಎತ್ತಿ," ಎಂದು ಕೆಳಗಿನಿಂದಲೇ ಹೇಳಿಕೊಟ್ಟಳು ಮಗ್ದಲೀನ್.

ಇಬ್ಬರೂ ಒಬ್ಬರ ಹಿಂದೊಬ್ಬರು ಸಲೀಸಾಗಿ ಎದ್ದರು. ಯೂಜಿನ್ ತನ್ನ ಕೈಗಳನ್ನೇ ತಿರುಗಿಸಿ ನೋಡಿಕೊಂಡ.

ಸಂಜೆ ಲಿಮ್‌ರನ್ನು ಕಳಿಸಿ ಏರ್‌ಪೋರ್ಟಿನಿಂದ ಮರಳಿ ಬಂದ ಮೇಲೂ ಅವನು ನೋಡಿಕೊಳ್ಳುತ್ತಲೇ ಇದ್ದ. ಕೊನೆಗೆ ಗಂಟಲು ಸರಿಮಾಡಿ, "ಅದು... ನಂಗೂ ಸ್ವಲ್ಪ ಕಲಿಸ್ತೀಯಾ?" ಎಂದ.

ಮಗ್ದಲೀನ್ ಹೋಗಿ ಲಿಮ್ ಕೂತಿದ್ದ ಕುರ್ಚಿಯಲ್ಲಿ ಕೂತು ಕಾಲು ಚಾಚಿದಳು.

"ಮೊದಲು ಚಹಾ ತನ್ನಿ," ಎಂದಳು.